ನೋವೇ ಇಲ್ಲವಲ್ಲ, ಮತ್ತೇಕೆ ಕಾಯಬೇಕು?

ಅಮೆರಿಕದಲ್ಲಿ ಬೇಸ್‌ಬಾಲ್ ಆಡುವ ಹುಡುಗರಿಗೆ ಫಿಸಿಯೊಥೆರಪಿ ಮಾಡುವುದು ನನ್ನ ಕೆಲಸ. ಮೊಣಕೈ ಶಸ್ತ್ರಚಿಕಿತ್ಸೆಯಾದ ಹುಡುಗನ ತಂದೆತಾಯಿ, ಅವರು ಯಾವ ಊರಿನವರಾದರೂ, ಕೇಳಿಯೇ ಕೇಳುವ ಪ್ರಶ್ನೆ ಒಂದಿದೆ: "ಆರು ತಿಂಗಳಾಯಿತು. ಕೈ ಪೂರ್ತಿ ಮಡಚುತ್ತಾನೆ, ಚಾಚುತ್ತಾನೆ, ನೋವೇ ಇಲ್ಲ. ಇನ್ನೂ ಏಕೆ ಪಿಚಿಂಗ್‌ಗೆ ಬಿಡುತ್ತಿಲ್ಲ?" ಪಿಚಿಂಗ್ ಎಂದರೆ ಮೈದಾನದ ನಡುವಿನ ದಿಬ್ಬದ ಮೇಲಿಂದ ಬ್ಯಾಟರ್‌ಗೆ ಚೆಂಡು ಎಸೆಯುವುದು.

ನೋವು ಹೋಗುವುದು ಮೊದಲು, ಒಳಗೆ ಹೊಸದಾಗಿ ಕೂಡಿಸಿದ ರಜ್ಜು (ಲಿಗಮೆಂಟ್) ಸಿದ್ಧವಾಗುವುದು ಅದಕ್ಕಿಂತ ಬಹಳ ತಡವಾಗಿ. ಈ ನಡುವಿನ ತಿಂಗಳುಗಳೇ ಅತಿ ಅಪಾಯದ ಕಾಲ.

ಮೊಣಕೈಯ ಒಳಬದಿಯಲ್ಲಿ ತೋಳಿನ ಮೂಳೆಯನ್ನು ಮುಂಗೈ ಮೂಳೆಗೆ ಬಿಗಿದಿಡುವ ಒಂದು ಚಿಕ್ಕ ಲಿಗಮೆಂಟ್ ಇದೆ. ವೇಗದ ಪಿಚ್ ಎಸೆಯುವಾಗ ಮೊಣಕೈಯನ್ನು ಹೊರಕ್ಕೆ ತೆರೆಯುವ ತಿರುಚುಬಲ, ಆ ಲಿಗಮೆಂಟ್ ಒಂಟಿಯಾಗಿ ತಡೆಯಬಲ್ಲ ಮಿತಿಯನ್ನು ಮೀರುತ್ತದೆ. ಮುಂಗೈ ಸ್ನಾಯುಗಳು ಪಾಲು ಹೊರುವುದರಿಂದ ಅದು ಉಳಿದುಕೊಂಡಿರುತ್ತದೆ. ಸ್ನಾಯುಗಳು ದಣಿದ ಮೇಲೂ ಎಸೆಯುತ್ತಾ ಹೋದರೆ ಒಂದು ದಿನ ಹರಿಯುತ್ತದೆ.

ಹರಿದ ಲಿಗಮೆಂಟ್‌ನ ಬದಲಿಗೆ ಕೂಡಿಸಲು ಶಸ್ತ್ರವೈದ್ಯರು ಸಾಮಾನ್ಯವಾಗಿ ಮಣಿಕಟ್ಟಿನಿಂದ ಮೇಲಕ್ಕೆ ಹೋಗುವ ಒಂದು ತೆಳ್ಳನೆಯ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ತೆಗೆದುಕೊಳ್ಳುತ್ತಾರೆ. ಹೆಬ್ಬೆರಳು ಕಿರುಬೆರಳನ್ನು ಜೋಡಿಸಿ ಮಣಿಕಟ್ಟನ್ನು ಸ್ವಲ್ಪ ಬಾಗಿಸಿದರೆ ಎದ್ದು ಕಾಣುವುದು ಅದೇ. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ. ಅಂಥವರಿಗೆ ತೊಡೆಯಿಂದ ತೆಗೆಯುತ್ತಾರೆ. ಮೂಳೆಗಳಲ್ಲಿ ರಂಧ್ರ ಕೊರೆದು ಅದನ್ನು ಪೋಣಿಸಿ ಬಿಗಿಯುತ್ತಾರೆ. ರಕ್ತದ ಸಂಪರ್ಕ ಕಡಿದುಹೋದ ಆ ಎಳೆಯೊಳಗೆ ಹೊಸ ರಕ್ತನಾಳಗಳು ಬೆಳೆಯಬೇಕು, ಹೊಸ ಜೀವಕೋಶಗಳು ಸೇರಬೇಕು, ನಾರುಗಳು ಎಳೆತದ ದಿಕ್ಕಿಗೆ ತಕ್ಕಂತೆ ಸಾಲುಗೂಡಬೇಕು. ಮಾವಿನ ಕಸಿ ಗಿಡ ಮೊದಲ ವರ್ಷವೇ ಹೂ ಬಿಟ್ಟರೆ ತೋಟದವರು ಆ ಹೂವನ್ನು ಕಿತ್ತುಹಾಕುತ್ತಾರಲ್ಲ, ನಾನು ಮಾಡಿಸುವುದೂ ಅದನ್ನೇ. ಕೈ ಸಿದ್ಧವಾದಂತೆ ಕಾಣುವ ಹೊತ್ತಿಗೆ ಅದರಿಂದ ಫಲ ಕೇಳಬಾರದು.

ಹಾಗೆಂದು ಸುಮ್ಮನೆ ಕೂರಿಸುವುದಿಲ್ಲ. ನಾಲ್ಕೈದು ತಿಂಗಳ ನಂತರ 45 ಅಡಿಯಿಂದ ಮೆಲ್ಲಗೆ ಎಸೆತ ಶುರುವಾಗುತ್ತದೆ, ನಡುನಡುವೆ ಬಿಡುವಿನ ದಿನಗಳೊಂದಿಗೆ. ಮುಂದೆ 60, 90, 120 ಅಡಿ. ಆಮೇಲೆ ದಿಬ್ಬದ ಮೇಲಿಂದ, ಮೊದಲು ಬರೀ ಫಾಸ್ಟ್‌ಬಾಲ್, ನಂತರ ಚೇಂಜಪ್ (ವೇಗದ ಎಸೆತದಂತೆ ಕಂಡರೂ ನಿಧಾನವಾಗಿ ಬರುವುದು), ಕೊನೆಗೆ ಕರ್ವ್ (ಬಾಗುತ್ತಾ ಹೋಗುವುದು). ಬ್ಯಾಟರ್ ಎದುರು ನಿಲ್ಲುವುದು ಇಷ್ಟೆಲ್ಲ ಆದ ಮೇಲೆ. ಪಂದ್ಯಕ್ಕೆ ಮರಳಲು ಹೆಚ್ಚಿನವರಿಗೆ ಹನ್ನೆರಡರಿಂದ ಹದಿನೆಂಟು ತಿಂಗಳು ಬೇಕು. "ಅರ್ಧ ಬಲದಲ್ಲಿ ಎಸೆ" ಎಂದರೆ ಯಾವ ಪಿಚರ್ ಕೂಡ ಅರ್ಧ ವೇಗದಲ್ಲಿ ಎಸೆಯುವುದಿಲ್ಲ. ಅಳೆದು ನೋಡಿದರೆ ಪೂರ್ಣ ವೇಗದ ಶೇ. 80ರ ಆಸುಪಾಸಿನಲ್ಲೇ ಇರುತ್ತದೆ. ಅದಕ್ಕೇ ಸ್ಪೀಡ್ ಗನ್ ಇಲ್ಲದೆ ದಿಬ್ಬ ಹತ್ತಿಸಬೇಡಿ ಎನ್ನುತ್ತೇನೆ. ಮಾಂಸಖಂಡದ ನೋವು ಸಹಜ. ಆದರೆ ಮೊಣಕೈಯ ಒಳಬದಿಯಲ್ಲಿ ಚುಚ್ಚಿದಂತಾದರೆ, ಉಂಗುರ ಬೆರಳು ಕಿರುಬೆರಳು ಜೋಮು ಹಿಡಿದರೆ, ಅಂದಿನ ಎಸೆತ ಅಲ್ಲಿಗೆ ಮುಗಿಯಿತು.

ಈ ಶಸ್ತ್ರಚಿಕಿತ್ಸೆಯನ್ನು ಯಾರ ಹೆಸರಿನಿಂದ ಕರೆಯುತ್ತಾರೋ ಆ ಟಾಮಿ ಜಾನ್ ಎಷ್ಟು ಕಾದರು ನೋಡಿ. ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಎಡಗೈ ಪಿಚರ್. 1974ರ ಸೆಪ್ಟೆಂಬರ್‌ನಲ್ಲಿ ಡಾ. ಫ್ರಾಂಕ್ ಜೋಬ್ ಮೊದಲ ಬಾರಿಗೆ ಈ ಪ್ರಯೋಗ ಮಾಡಿದಾಗ, ಮರಳಿ ಆಡುವ ಸಾಧ್ಯತೆ ನೂರಕ್ಕೆ ಒಂದು ಎಂದಿದ್ದರು. 1975ರ ಇಡೀ ಋತುವನ್ನು ಜಾನ್ ಬಿಟ್ಟರು. 1976ರಲ್ಲಿ ಮರಳಿದರು, 1977ರಲ್ಲಿ 20 ಪಂದ್ಯ ಗೆದ್ದರು, 1989ರವರೆಗೆ ಆಡಿದರು. ಅವರ 288 ಗೆಲುವುಗಳಲ್ಲಿ 164 ಬಂದದ್ದು ಆ ಶಸ್ತ್ರಚಿಕಿತ್ಸೆಯ ನಂತರ.

ಪಿಚಿಂಗ್, ಬ್ಯಾಟಿಂಗ್ ಎರಡನ್ನೂ ಮಾಡುವ ಜಪಾನಿನ ಆಟಗಾರ ಶೋಹೆ ಓಟಾನಿಯ ಉದಾಹರಣೆ ನನಗೆ ಇನ್ನೂ ಮುಖ್ಯ, ಏಕೆಂದರೆ ಒಂದೇ ದೇಹದಲ್ಲಿ ಎರಡು ಗಡಿಯಾರ ಓಡುವುದನ್ನು ಅಲ್ಲಿ ಕಾಣಬಹುದು. ಅವರ ಮೊಣಕೈಗೆ ಎರಡನೇ ಬಾರಿ ಶಸ್ತ್ರಚಿಕಿತ್ಸೆಯಾದದ್ದು 2023ರ ಸೆಪ್ಟೆಂಬರ್‌ನಲ್ಲಿ. ಮರುವರ್ಷ ಮಾರ್ಚ್‌ನಲ್ಲಿ ಋತು ಶುರುವಾದಾಗಲೇ ಬ್ಯಾಟ್ ಹಿಡಿದಿದ್ದರು, ಆ ವರ್ಷ 54 ಹೋಮ್ ರನ್ ಹೊಡೆದರು. ಪಂದ್ಯದಲ್ಲಿ ಒಂದೇ ಒಂದು ಪಿಚ್ ಎಸೆಯಲಿಲ್ಲ. ನಡುವೆ ಎಡ ಭುಜದ ಶಸ್ತ್ರಚಿಕಿತ್ಸೆಯೂ ಆಯಿತು. ದಿಬ್ಬಕ್ಕೆ ಮರಳಿದ್ದು 2025ರ ಜೂನ್ 16ರಂದು, ಅದೂ ಒಂದೇ ಇನಿಂಗ್ಸ್‌ಗೆ, ಅಂದರೆ ಮೂರು ಔಟ್‌ಗಳಷ್ಟಕ್ಕೆ. ಬ್ಯಾಟ್ ಬೀಸಲು ಸಾಕಾಗುವ ಮೊಣಕೈ ಪಿಚ್ ಎಸೆಯಲು ಸಾಕಾಗುವುದಿಲ್ಲ.

ಕ್ರಿಕೆಟ್ ಆಡಿ ಬೆಳೆದ ನಮ್ಮವರಿಗೆ ಇದು ಬೇಗ ಮನಸ್ಸಿಗೆ ಇಳಿಯುವುದಿಲ್ಲ. ವೇಗದ ಬೌಲರ್ ಓಡಿಬಂದು ನೆಟ್ಟಗಿನ ಕೈಯಲ್ಲಿ ಎಸೆಯುತ್ತಾನೆ. ಹೊರೆಯ ದೊಡ್ಡ ಪಾಲು ಬೆನ್ನಿಗೆ ಬೀಳುತ್ತದೆ. ನಮ್ಮ ಕರ್ನಾಟಕದ ವೇಗದ ಬೌಲರ್ ಪ್ರಸಿದ್ಧ್ ಕೃಷ್ಣ ತಿಂಗಳುಗಟ್ಟಲೆ ಹೊರಗುಳಿದದ್ದೂ ಬೆನ್ನುಮೂಳೆಯ ಬಿರುಕಿನಿಂದಲೇ. ಮಡಚಿದ ಮೊಣಕೈಯನ್ನು ಚಿಮ್ಮಿಸುವ ಪಿಚರ್‌ನ ಗಾಯಕ್ಕೆ ಬೌಲಿಂಗ್ ಅನುಭವದ ಅಳತೆಗೋಲು ಹೊಂದುವುದಿಲ್ಲ.

ಇನ್ನು, "ಆಪರೇಷನ್ ಆದರೆ ವೇಗ ಹೆಚ್ಚುತ್ತದಂತೆ" ಎಂಬ ಮಾತು. ಇಲ್ಲ. ವೇಗ ಹೆಚ್ಚಿದ್ದರೆ ಅದು ವರ್ಷವಿಡೀ ಕಾಲು, ಸೊಂಟ, ಭುಜಗಳಿಗೆ ಕೊಟ್ಟ ವ್ಯಾಯಾಮದ ಫಲ. ಗಾಯವೇ ಇಲ್ಲದ ಮಗನಿಗೆ ಮುಂಚೆಯೇ ಮಾಡಿಸಿಬಿಡೋಣವೇ ಎಂದು ಕೇಳುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಮರಳಿದ ಮೇಲೂ ಎಣಿಕೆ ಬಿಡಬೇಡಿ. ಅಮೆರಿಕದಲ್ಲಿ ಆಟದ ರಾಷ್ಟ್ರೀಯ ಸಂಸ್ಥೆಯಾದ ಯುಎಸ್‌ಎ ಬೇಸ್‌ಬಾಲ್ ಮತ್ತು ವೃತ್ತಿಪರರ ಮೇಜರ್ ಲೀಗ್ ಸೇರಿ ರೂಪಿಸಿದ ಪಿಚ್ ಸ್ಮಾರ್ಟ್ ಮಾರ್ಗಸೂಚಿ 13-14ರ ವಯಸ್ಸಿಗೆ ದಿನಕ್ಕೆ 95 ಪಿಚ್‌ಗಳ ಮಿತಿ ಹಾಕಿದೆ. ಅದು ಗಾಯವಾಗದ ಕೈಗೆ ಹೇಳಿದ ಲೆಕ್ಕ. ಮೊದಲ ಋತುವಿನಲ್ಲಿ ನಿಮ್ಮ ಮಗನ ಲೆಕ್ಕ ಅದಕ್ಕಿಂತ ಬಹಳ ಕೆಳಗಿರಬೇಕು. ಎರಡು ತಂಡಗಳಿಗೆ ಆಡುತ್ತಿದ್ದರೆ ಒಂದನ್ನು ಬಿಡಿಸಿ. ಶಾಲೆಯ ಕೋಚ್‌ಗೂ ಕ್ಲಬ್ ಕೋಚ್‌ಗೂ ಒಂದೇ ಎಣಿಕೆ ಪುಸ್ತಕ ಇರಲಿ, ಅದು ನಿಮ್ಮ ಕೈಯಲ್ಲಿರಲಿ.