ಲೆಕ್ಕಕ್ಕೆ ಬಾರದ ಒಂಬತ್ತು

ಅಕ್ಟೋಬರ್ 10, 2022, ಸೋಮವಾರ, ಮೆಲ್ಬರ್ನ್

ಆಫೀಸಿನಲ್ಲಿ ಇವತ್ತು ಏನು ಮಾಡಿದೆನೋ ನೆನಪಿಲ್ಲ. ತಲೆಯಲ್ಲಿ ಪಕ್ಕದ ಮನೆ ಅಜ್ಜನ ಮಾತೇ ತುಂಬಿದೆ.

ನಿನ್ನೆ ಬಾಥರ್ಸ್ಟ್ ರೇಸ್ ಇತ್ತಲ್ಲ, ಬೆಟ್ಟದ ಮೇಲಿನ ಟ್ರ್ಯಾಕ್‌ನಲ್ಲಿ ನಡೆಯೋ ಆಸ್ಟ್ರೇಲಿಯಾದ ದೊಡ್ಡ ಕಾರ್ ರೇಸ್. ಮಳೆ, ಮೊದಲ ಲ್ಯಾಪ್‌ನಲ್ಲೇ ಗುದ್ದಾಟ. ಕೊನೆಗೆ ವ್ಯಾನ್ ಗಿಸ್ಬರ್ಗನ್, ಟ್ಯಾಂಡರ್ ಜೋಡಿ ಇಲ್ಲಿಯದೇ ಆದ ಹೋಲ್ಡನ್ ಕಾರಿನಲ್ಲಿ ಗೆದ್ದಿತು. ಆ ಬೆಟ್ಟದ ಮೇಲೆ ಹೋಲ್ಡನ್‌ಗೆ ಇದೇ ಕೊನೆಯ ಸಲ, ಮುಂದಿನ ವರ್ಷದಿಂದ ಅದರ ಜಾಗಕ್ಕೆ ಅಮೆರಿಕದ ಕ್ಯಾಮರೋ ಕಾರು. ಹೋಲ್ಡನ್ ಇಂಜಿನ್ ಕಾರ್ಖಾನೆಯಲ್ಲಿ ದುಡಿದ ಅಜ್ಜನ ಮುಖದಲ್ಲಿ ಖುಷಿಯೂ ಇತ್ತು, ಸಿಟ್ಟೂ ಇತ್ತು.

ಸಂಜೆ ಕಸದ ಡಬ್ಬಿ ಹೊರಗಿಡುವಾಗ ಸಿಕ್ಕರು. ಸುಮ್ನೆ ಮಾತಿಗೆ ಅಂದೆ: "ಏನೇ ಹೇಳಿ, ಇಲ್ಲಿಯ ಕಾರ್ ರೇಸರ್‌ಗಳಲ್ಲಿ ವಿಂಕಪ್‌ನನ್ನು ಮೀರಿಸೋರಿಲ್ಲ. ಏಳು ಸಲ ಆಸ್ಟ್ರೇಲಿಯಾ ಚಾಂಪಿಯನ್, ಚಾಂಪಿಯನ್‌ಶಿಪ್ ರೇಸ್‌ಗಳಲ್ಲಿ 120ಕ್ಕೂ ಜಾಸ್ತಿ ಗೆಲುವು. ಲೌಂಡ್ಸ್ ಬಿಟ್ಟರೆ ಇನ್ಯಾರೂ ನೂರೂ ದಾಟಿಲ್ಲ."

"ಬ್ರಾಕ್ ಬಾಥರ್ಸ್ಟ್ ಎಷ್ಟು ಸಲ ಗೆದ್ದ?" ಅಂದರು ಅಜ್ಜ. ಬ್ರಾಕ್ ಅಂದರೆ ಹೋಲ್ಡನ್‌ನ ಹಳೆಯ ಹೀರೋ.

"ಒಂಬತ್ತು."

"ನಿನ್ನ ಪಟ್ಟಿಯಲ್ಲಿ ಅವು ಎಲ್ಲಿವೆ, ತೋರಿಸು."

ಒಂದೂ ಇಲ್ಲ! ನಾನು ಹೇಳಿದ ಪಟ್ಟಿಯಲ್ಲಿ ಚಾಂಪಿಯನ್‌ಶಿಪ್ ರೇಸ್‌ಗಳ ಗೆಲುವು ಮಾತ್ರ ಲೆಕ್ಕ. ಬಾಥರ್ಸ್ಟ್ ಚಾಂಪಿಯನ್‌ಶಿಪ್‌ಗೆ ಸೇರಿದ್ದೇ 1999ರಲ್ಲಿ. ಬ್ರಾಕ್ ಗೆದ್ದದ್ದೆಲ್ಲ 1972ರಿಂದ 1987ರ ಒಳಗೆ. 1979ರಲ್ಲಿ ಜಿಮ್ ರಿಚರ್ಡ್ಸ್ ಜೊತೆ ಆರು ಲ್ಯಾಪ್ ಮುಂದಿದ್ದರು. ಆರಾಮವಾಗಿ ಬಂದಿದ್ದರೂ ಗೆಲ್ಲುತ್ತಿದ್ದರು. ಆದರೂ ಕೊನೆಯ ಲ್ಯಾಪ್‌ನಲ್ಲೇ ಲ್ಯಾಪ್ ರೆಕಾರ್ಡ್ ಮುರಿದರು. ಅದೂ ಆ ಎಣಿಕೆಗೆ ಸೇರಿಲ್ಲ.

ಊಟ ಆದ ಮೇಲೆ ಕೂತು ನೋಡಿದರೆ ಇನ್ನೂ ತಮಾಷೆ. 1960ರ ದಶಕದ ರೇಸರ್ ಇಯಾನ್ ಗೇಗನ್ ಐದು ಸಲ ಚಾಂಪಿಯನ್. ಆದರೆ 1968ರವರೆಗೆ ವರ್ಷಕ್ಕೆ ಒಂದೇ ರೇಸ್, ಗೆದ್ದವನೇ ಚಾಂಪಿಯನ್. ಅವರ ಐದರಲ್ಲಿ ನಾಲ್ಕು ಹಾಗೆ ಬಂದವು. ಸುಲಭ ಅನ್ನಬೇಕಾ? ಒಂದು ಟಯರ್ ಪಂಕ್ಚರ್ ಆದರೆ ಇಡೀ ವರ್ಷ ಹೋಯ್ತು, ಅದು ಕಷ್ಟ ಅಲ್ವಾ? 2019ರಲ್ಲಿ ಮೆಕ್ಲಾಗ್ಲಿನ್ ಒಂದೇ ವರ್ಷ 18 ರೇಸ್ ಗೆದ್ದರು. ಗೇಗನ್ ಕಾಲದಲ್ಲಾದರೆ ಅಷ್ಟಕ್ಕೆ 18 ವರ್ಷ ಬೇಕಿತ್ತು.

ಅಮ್ಮ ಫೋನ್ ಮಾಡಿದ್ದರು. ದೀಪಾವಳಿಗೂ ಬರಲ್ವಾ ಅಂತ. ಟಿಕೆಟ್ ರೇಟ್ ಹೇಳಿದೆ, ಸುಮ್ಮನಾದರು. ಹೇಳಬಾರದಿತ್ತೇನೋ.

ನಾನಂತೂ ವಿಂಕಪ್ ಪರವೇ. ಮೊದಲೆರಡು ಚಾಂಪಿಯನ್‌ಶಿಪ್ ಹೋಲ್ಡನ್‌ನ ಎದುರಾಳಿ ಫೋರ್ಡ್‌ನಲ್ಲಿ, ಉಳಿದ ಐದು ಹೋಲ್ಡನ್‌ನಲ್ಲಿ. ಕಾರು ಬದಲಾದರೂ ಗೆಲ್ಲುವುದು ಬಿಡಲಿಲ್ಲ. ಅಜ್ಜನಿಗೆ ಆ ಫೋರ್ಡ್ ವಿಷಯವೇ ಹಿಡಿಸಲ್ಲ. 2006ರಲ್ಲಿ ಬ್ರಾಕ್ ತೀರಿಕೊಂಡ ಮರುತಿಂಗಳು ಬಾಥರ್ಸ್ಟ್‌ನಲ್ಲಿ ಅವರ ಹೆಸರಿನ ಮೊದಲ ಟ್ರೋಫಿ ಗೆದ್ದದ್ದೂ ಲೌಂಡ್ಸ್, ವಿಂಕಪ್. ಅದೂ ಫೋರ್ಡ್‌ನಲ್ಲೇ! ಇದನ್ನು ಅಜ್ಜನ ಮುಂದೆ ಎತ್ತುವ ಧೈರ್ಯ ನನಗಿಲ್ಲ.

1987ರ ಬಾಥರ್ಸ್ಟ್ ಗೆಲುವಿನ ಬಗ್ಗೆ ಮಾತ್ರ ಅಜ್ಜನನ್ನು ಕೇಳಲೇಬೇಕು. ಬ್ರಾಕ್ ಕಾರು ಕೆಟ್ಟಿತು, ತಂಡದ ಎರಡನೇ ಕಾರು ಹತ್ತಿದರು, ಬಂದದ್ದು ಮೂರನೆಯವರಾಗಿ. ಆಮೇಲೆ ಮುಂದಿದ್ದ ಎರಡು ಫೋರ್ಡ್‌ಗಳನ್ನು ಅನರ್ಹ ಮಾಡಿದ್ದಕ್ಕೆ ಗೆಲುವು ಇವರ ಪಾಲಾಯಿತು. ಒಂಬತ್ತು ಅಂತ ಎಣಿಸುವಾಗ ಅಜ್ಜ ಅದನ್ನೂ ಸೇರಿಸ್ತಾರಲ್ಲ, ಹಾಗಾದರೆ ಮೂರನೆಯವರಾಗಿ ಬಂದದ್ದೂ ಗೆಲುವೇನಾ?