ಹೊಡೆತ ಬೀಳೋದು ಸ್ನಾನದ ಹೊತ್ತಿಗೆ

ಹೊಸ ಆಯಾ ಯಾರೇ ಕೆಲಸಕ್ಕೆ ಸೇರಲಿ, ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಕೇಳುತ್ತಾರೆ. "ಸಿಸ್ಟರ್, ಇಲ್ಲಿ ಹೊಡಿಯೋರು ಯಾರ್ ಯಾರ್ ಅದಾರ್ರೀ?"

ನಾನು ಹೆಸರು ಹೇಳುವುದಿಲ್ಲ, ಹೊತ್ತು ಹೇಳುತ್ತೇನೆ. ಸ್ನಾನ ಮಾಡಿಸುವಾಗ, ಡೈಪರ್ ಬದಲಿಸುವಾಗ, ಉಗುರು ತೆಗೆಯುವಾಗ, ಬಾಯಿಗೆ ಗುಳಿಗೆ ಇಡುವಾಗ. ಅಂದರೆ ನಮ್ಮ ಕೈ ಅವರ ಮೈ ಮುಟ್ಟುವಾಗ. ಸುಮ್ನೆ ಕಟ್ಟೆ ಮೇಲೆ ಕೂತ ಮನುಷ್ಯ ಎದ್ದು ಬಂದು ಹೊಡೆದಿದ್ದು ಬಹಳ ಕಮ್ಮಿ.

ವಿಜಯಪುರದ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸ್. ನಮ್ಮಲ್ಲಿ ಜಾಸ್ತಿ ಮಂದಿಗೆ ಡಿಮೆನ್ಶಿಯಾ, ಅದೇ ಮರೆವಿನ ಕಾಯಿಲೆ. ಕೆಲವರಿಗೆ ಹಳೆಯ ಮಾನಸಿಕ ಕಾಯಿಲೆಯೂ ಇದೆ. ಹೊಡೆತ, ಕಡಿತ, ಉಗುಳು, ಬೈಗುಳ ಎಲ್ಲ ಇದ್ದದ್ದೇ. ಬೈಗುಳದಲ್ಲಂತೂ ನಮ್ಮ ಜಿಲ್ಲೆಯ ಆಯಿಗಳನ್ನು, ಅಂದರೆ ಅಜ್ಜಿಯರನ್ನು, ಮೀರಿಸೋರಿಲ್ಲ ಬಿಡಿ.

ಇಂಡಿ ಕಡೆಯ ಒಬ್ಬ ಮುತ್ಯಾ, ಅಂದರೆ ಅಜ್ಜ, ಇದ್ದರು. ನಿಂಬೆ ತೋಟ ಮಾಡಿದ ಕೈ, ವಯಸ್ಸಾದರೂ ಹಿಡಿತ ಗಟ್ಟಿ. ದಿನಾ ಬೆಳಿಗ್ಗೆ ಬಚ್ಚಲಲ್ಲಿ ಯುದ್ಧ. ಇಬ್ಬರು ಹಿಡಿಯುವುದು, ಒಬ್ಬರು ನೀರು ಹಾಕುವುದು, ಮುತ್ಯಾ ತಂಬಿಗೆ ಬೀಸುವುದು. ಅವರ ಹೆಸರಿನ ಮುಂದೆ 'ಅಗ್ರೆಸಿವ್' ಅಂತ ಬರೆದಾಗಿತ್ತು. ಒಮ್ಮೆ ಹಾಗೆ ಬರೆದರೆ ಮುಗಿಯಿತು, ಆಮೇಲೆ ಯಾರೂ ಕಾರಣ ಹುಡುಕೋದಿಲ್ಲ.

ನಾವು ಒಂದು ನೋಟ್‌ಬುಕ್ ಇಟ್ಟೆವು. ಮೂರೇ ಕಾಲಂ. ಸಿಟ್ಟು ಬರುವ ಮುಂಚೆ ಏನು ನಡೀತಿತ್ತು, ಅವರು ಏನು ಮಾಡಿದರು, ಆಮೇಲೆ ನಾವು ಏನು ಮಾಡಿದೆವು. ಇದೇನು ನಮ್ಮ ಹೊಸ ಶೋಧ ಅಲ್ಲ, ಈ ಕೆಲಸದ ತರಬೇತಿಯಲ್ಲಿ ಎಲ್ಲ ಕಡೆ ಇದನ್ನೇ ಎಬಿಸಿ ಚಾರ್ಟ್ ಅಂತ ಕಲಿಸುತ್ತಾರೆ. ಷರತ್ತು ಒಂದೇ: ಕಣ್ಣಿಗೆ ಕಂಡಿದ್ದನ್ನು ಮಾತ್ರ ಬರೆಯಬೇಕು. 'ಹಠ ಮಾಡಿದರು' ಅಂತ ಬರೆಯೋ ಹಾಗಿಲ್ಲ. 'ಧೋತರಕ್ಕೆ ಕೈ ಹಾಕಿದ ಕೂಡಲೇ ನನ್ನ ಕೈ ತಳ್ಳಿದರು' ಅಂತ ಬರೆಯಬೇಕು.

ಹಾಗೆ ಬರೆದ ಮೇಲೆ ಕಂಡಿದ್ದು ಇಷ್ಟು. ಮುತ್ಯಾನ ಕೂಗಾಟ ನೀರಿನಿಂದ ಶುರುವಾಗ್ತಿರಲಿಲ್ಲ, ಧೋತರ ಬಿಚ್ಚುವಾಗ ಶುರುವಾಗ್ತಿತ್ತು. ತಂಬಿಗೆ ಬೀಸುವುದು ಹಿಂದಿನಿಂದ ತಲೆ ಮೇಲೆ ನೀರು ಬಿದ್ದ ಮೇಲೆ. ಮಗಳಿಗೆ ಫೋನ್ ಮಾಡಿ ಕೇಳಿದರೆ, "ನಮ್ಮಪ್ಪ ಮುಂಜಾನಿ ಎಂದೂ ಜಳಕ ಮಾಡಿಲ್ರೀ, ತೋಟದಿಂದ ಬಂದು ಸಂಜಿಕಿ ಮಾಡ್ತಿದ್ದ" ಅಂದರು. ನಮ್ಮಲ್ಲಿ ಬೆಳಗಿನ ಜಾವವೇ ಸ್ನಾನ ಯಾಕೆ? ರಾತ್ರಿ ಪಾಳಿಯವರು ಮನೆಗೆ ಹೋಗುವ ಮುಂಚೆ ಮುಗಿಯಲಿ ಅಂತ. ಬೇರೆ ಕಾರಣ ಏನೂ ಇಲ್ಲ.

ಸ್ನಾನ ಸಂಜೆಗೆ ಹೋಯಿತು. ಹೆಂಗಸರ ಬದಲು ಒಬ್ಬನೇ ಅಟೆಂಡರ್. ಹೆಗಲಿಗೊಂದು, ಸೊಂಟಕ್ಕೊಂದು ಟವೆಲ್, ಟವೆಲ್ ಒಳಗಿಂದಲೇ ಸೋಪು. ಬಕೆಟ್ ಅವರ ಕಣ್ಣೆದುರಿಗೆ. ಮೊದಲು ಅವರ ಬೆರಳನ್ನೇ ನೀರಲ್ಲಿ ಅದ್ದಿಸಿ, "ಬಿಸಿ ಸಾಕೇನ್ರೀ ಮುತ್ಯಾ?" ಅಂತ ಕೇಳುವುದು. ಪಾದದಿಂದ ಶುರು, ಮೊಣಕಾಲು, ಆಮೇಲೆ ಬೆನ್ನು. ತಂಬಿಗೆ ಅವರ ಕೈಗೇ ಕೊಟ್ಟುಬಿಟ್ಟೆವು. ಬೀಸುವ ಕೈಗೆ ಮಾಡಲು ಕೆಲಸ ಸಿಕ್ಕಿತು. ತಲೆಸ್ನಾನ ಬೇರೆ ದಿನ. ದಿನಾ ಸ್ನಾನ ಆಗಲೇಬೇಕು ಅನ್ನೋದನ್ನೂ ಬಿಟ್ಟೆವು. ಒಂದು ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಯಾರ ಗಂಟೂ ಹೋಗೋದಿಲ್ಲ, ಒಣಗಿದ ಮುದಿ ಚರ್ಮಕ್ಕೆ ಅದೇ ಒಳ್ಳೇದು.

ಮುತ್ಯಾ ಬೈಯುವುದು ಬಿಟ್ಟರು ಅಂದುಕೊಳ್ಳಬೇಡಿ. ಬೈಗುಳ ಹಾಗೇ ಇತ್ತು, ಒಮ್ಮೊಮ್ಮೆ ತಳ್ಳುವುದೂ ಇತ್ತು. ಹಿಡಿಯಲು ಇಬ್ಬರು ಬೇಕಾಗುವುದು ನಿಂತಿತು. ಸಂಜೆ ಪಾಳಿಯವರು "ನಮಗ್ಯಾಕ್ರೀ ಹೆಚ್ಚಿನ ಕೆಲಸ?" ಅಂತ ತಿಂಗಳುಗಟ್ಟಲೆ ಗೊಣಗಿದರು. ಅವರ ಮಾತಲ್ಲೂ ನ್ಯಾಯ ಇತ್ತು. ಬೆಳಗಿನ ಪಾಳಿಗೆ ಬಟ್ಟೆ ಮಡಚುವ ಕೆಲಸ ದಾಟಿಸಿ ಸರಿ ಮಾಡಬೇಕಾಯಿತು.

ಇನ್ನೊಂದು ಬಗೆ ಇದೆ, ಅದಕ್ಕೆ ನೋಟ್‌ಬುಕ್ ಹಿಡಿದು ಕಾಯೋ ಹಾಗಿಲ್ಲ. ನಿನ್ನೆವರೆಗೆ ತಣ್ಣಗಿದ್ದವರು ಇವತ್ತು ದಿಢೀರನೆ ಕೂಗಾಡುತ್ತಾರೆ, ಗೋಡೆ ಮೇಲೆ ಹಾವು ಕಾಣುತ್ತದೆ ಅನ್ನುತ್ತಾರೆ, ಹಗಲೆಲ್ಲ ಮಂಪರು, ರಾತ್ರಿಯೆಲ್ಲ ಎಚ್ಚರ. ಅಂಥವರನ್ನು ಅವತ್ತೇ ಡಾಕ್ಟರಿಗೆ ತೋರಿಸಬೇಕು. ಇದು ಡಿಲೀರಿಯಂ. ಮೂತ್ರದ ಸೋಂಕು, ಮಲ ಗಟ್ಟಿಯಾಗಿರುವುದು, ಸೋಡಿಯಂ ಕಮ್ಮಿಯಾಗಿರುವುದು, ಮೈಯಲ್ಲಿ ನೀರು ಕಮ್ಮಿಯಾಗಿರುವುದು, ಹೊಸ ಗುಳಿಗೆ, ಯಾವುದರಿಂದಲೂ ಬರಬಹುದು. ಏಪ್ರಿಲ್-ಮೇನಲ್ಲಿ ನಮ್ಮ ಊರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ವಯಸ್ಸಾದವರಿಗೆ ಬಾಯಾರಿಕೆ ಅಷ್ಟಾಗಿ ಗೊತ್ತಾಗೋದಿಲ್ಲ. ಗೊತ್ತಾದರೂ, ಬಚ್ಚಲಿಗೆ ಏಳಬೇಕಲ್ಲ ಅಂತ ಕುಡಿಯೋದಿಲ್ಲ. ಆ ದಿನಗಳಲ್ಲಿ ಮಜ್ಜಿಗೆಯ ಲೆಕ್ಕ ಇಡುವುದು ನಮ್ಮಲ್ಲಿ ಗುಳಿಗೆಯ ಲೆಕ್ಕದಷ್ಟೇ ಮುಖ್ಯ.

ನೋವೂ ಹಾಗೇ. ಒಬ್ಬ ಆಯಿ ತಟ್ಟೆ ತಂದವರಿಗೆಲ್ಲ ಹೊಡೆಯುತ್ತಿದ್ದರು. ಸರಿಯಾಗಿ ನೋಡಿದರೆ, ತಟ್ಟೆಯಲ್ಲಿ ರೊಟ್ಟಿ ಇದ್ದಾಗ ಮಾತ್ರ. ಗಂಜಿ ಕೊಟ್ಟರೆ ಗಟಗಟ ಕುಡಿಯುತ್ತಿದ್ದರು. ಬಾಯಿ ತೆರೆಸಿ ಟಾರ್ಚ್ ಹಾಕಿದರೆ ದವಡೆ ಹಲ್ಲಿನ ಬುಡದಲ್ಲಿ ಕೀವು.

ಇಂಥ ಹೊತ್ತಲ್ಲಿ ನಿದ್ದೆ ಗುಳಿಗೆ ಕೊಟ್ಟು ಮಲಗಿಸಿಬಿಡಿ ಅನ್ನುವವರಿದ್ದಾರೆ. ಮಲಗಿಸಿದರೆ ಹಲ್ಲಿನ ಕೀವು ಹೋಗುತ್ತಾ? ಮಂಪರಲ್ಲಿ ಎದ್ದು ಬಿದ್ದು ಸೊಂಟ ಮುರಿದುಕೊಂಡರೆ ಇನ್ನೊಂದು ಕಥೆ. ಹಾಲೋಪೆರಿಡಾಲ್‌ನಂಥ ಮನೋರೋಗದ ಔಷಧದಿಂದ ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಬರುತ್ತದೆ. ಅದನ್ನೇ ಸಿಟ್ಟು ಜಾಸ್ತಿಯಾಯಿತು ಅಂತ ತಿಳಿದು ಡೋಸ್ ಏರಿಸಿದರೆ ಚಡಪಡಿಕೆಯೂ ಏರುತ್ತದೆ. ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಈ ಜಾತಿಯ ಔಷಧಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಹೊಸ ಔಷಧಗಳ ಬಗ್ಗೆ, 2008ರಲ್ಲಿ ಹಾಲೋಪೆರಿಡಾಲ್ ಥರದ ಹಳೆಯವುಗಳ ಬಗ್ಗೆಯೂ ಎಚ್ಚರಿಸಿತ್ತು. ಬೇಡವೇ ಬೇಡ ಅಂತಲ್ಲ. ಡಾಕ್ಟರು ಬರೆದುಕೊಟ್ಟರೆ ಕೊಡುತ್ತೇವೆ, ಕೊಟ್ಟ ಮೇಲೆ ಏನಾಯಿತು ಅನ್ನೋದನ್ನೂ ಅವರಿಗೆ ಹೇಳುತ್ತೇವೆ.

ಕೈ ಎದ್ದೇಬಿಟ್ಟಾಗ ಏನು ಮಾಡಬೇಕು? ಒಬ್ಬರೇ ಮಾತಾಡಬೇಕು, ಉಳಿದವರು ಅಕ್ಕಪಕ್ಕದ ಆಯಿ-ಮುತ್ಯಾರನ್ನು ಕರೆದುಕೊಂಡು ಹೊರಗೆ ಹೋಗಬೇಕು. ಎದುರಾಬದುರಾ ನಿಲ್ಲಬಾರದು, ಸ್ವಲ್ಪ ಓರೆಯಾಗಿ, ಕೈಗೆ ಸಿಗದಷ್ಟು ದೂರ. ಬಾಗಿಲಿಗೆ ಅಡ್ಡ ನಿಲ್ಲಲೇಬಾರದು. ವಾದ ಬೇಡ. "ಮನಿಗಿ ಹೊಂಟೀನಿ" ಅಂದರೆ "ಇದೇ ನಿಮ್ಮ ಮನಿ" ಅನ್ನಬಾರದು, "ಮನ್ಯಾಗ ಯಾರ್ಯಾರ್ ಅದಾರ್ರೀ?" ಅನ್ನಬೇಕು. ಮಾತು ಹೊಲ, ಎತ್ತು, ಮೊಮ್ಮಗ ಅಂತ ಹೊರಳುತ್ತದೆ. ಕೂದಲು ಹಿಡಿದರೆ ಎಳೆದುಕೊಳ್ಳಬೇಡಿ, ಅವರ ಕೈಯನ್ನು ನಿಮ್ಮ ತಲೆಗೇ ಒತ್ತಿ ಹಿಡಿಯಿರಿ, ಕೂದಲು ಕಿತ್ತು ಬರೋದಿಲ್ಲ. ಮಣಿಕಟ್ಟು ಹಿಡಿದರೆ ಅವರ ಹೆಬ್ಬೆರಳಿನ ಕಡೆಗೆ ತಿರುಗಿಸಿ ಬಿಡಿಸಿಕೊಳ್ಳಿ, ಅಲ್ಲಿ ಹಿಡಿತ ಸಡಿಲ.

ನಮ್ಮ ಕಡೆ ದೊಡ್ಡ ತಲೆನೋವು ಬಳೆ. ಆಯಾಗಳ ಕೈ ತುಂಬ ಗಾಜಿನ ಬಳೆ. ತೆಗೆಯಿರಿ ಅಂದರೆ ಒಪ್ಪೋದಿಲ್ಲ, ಮುತ್ತೈದೆಯರಿಗೆ ಹಾಗೆ ಹೇಳೋದು ನನಗೂ ಸರಿ ಕಾಣಲಿಲ್ಲ. ಗುದ್ದಾಟದಲ್ಲಿ ಒಡೆದರೆ ಇಬ್ಬರ ಚರ್ಮವೂ ಸೀಳುತ್ತದೆ. ಕೊನೆಗೆ ಎಲಾಸ್ಟಿಕ್ ಇರುವ ಹತ್ತಿಯ ತೋಳುಚೀಲ ಹೊಲಿಸಿದೆವು, ಬಳೆ ಮೇಲೆ ಸರಿಸಿ ಅದನ್ನು ಹಾಕಿಕೊಳ್ಳುವುದು. ತಾಳಿ ಕುಪ್ಪಸದ ಒಳಗೆ, ಜಡೆ ಮೇಲಕ್ಕೆ ಕಟ್ಟಿ.

"ಕಟ್ಟಿ ಹಾಕ್ರೀ ಸಿಸ್ಟರ್, ಮನ್ಯಾಗ ನಾವೂ ಹಂಗ ಮಾಡ್ತಿದ್ವಿ" ಅಂತ ಮಕ್ಕಳೇ ಹೇಳುವುದುಂಟು. ಅವರನ್ನು ಬೈಯಲು ನನಗೆ ಮನಸ್ಸು ಬರೋದಿಲ್ಲ, ಎಷ್ಟು ರಾತ್ರಿ ನಿದ್ದೆಗೆಟ್ಟಿರುತ್ತಾರೋ. ಆದರೆ ಕಟ್ಟುವುದಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನೂ, ಕೋಣೆಯಲ್ಲಿ ಒಂಟಿಯಾಗಿ ಕೂಡಿಹಾಕುವುದನ್ನೂ ಪೂರ್ತಿ ನಿಷೇಧಿಸಿದೆ. ತಡೆದು ಹಿಡಿಯುವುದಕ್ಕೂ ಕಟ್ಟುನಿಟ್ಟು ಇದೆ. ಆ ಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿರಬೇಕು, ಮನೋವೈದ್ಯರ ಅನುಮತಿ ಇರಬೇಕು, ಹೇಗೆ, ಯಾಕೆ, ಎಷ್ಟು ಹೊತ್ತು ಅಂತ ದಾಖಲೆ ಇರಬೇಕು, ರೋಗಿಯ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆ ಅಂತ ಮಾಡುವಂತಿಲ್ಲ. ಸಿಬ್ಬಂದಿ ಕಮ್ಮಿ ಅನ್ನೋ ನೆಪವೂ ನಡೆಯೋದಿಲ್ಲ, ಅದನ್ನು ಕಾಯ್ದೆಯಲ್ಲೇ ಬಿಡಿಸಿ ಬರೆದಿದ್ದಾರೆ. ಅದನ್ನು ಬರೆದವರಿಗೆ ನಮ್ಮಂಥ ಜಾಗಗಳ ಪರಿಚಯ ಚೆನ್ನಾಗಿಯೇ ಇತ್ತು ಅನಿಸುತ್ತದೆ. ಇದು ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಬರೆದ ನಿಯಮ, ಆದರೆ ವೃದ್ಧಾಶ್ರಮದಲ್ಲಿ ಅದಕ್ಕಿಂತ ಸಡಿಲ ಯಾಕಿರಬೇಕು?

ಹಿಡಿಯಲೇಬೇಕಾದ ಗಳಿಗೆ ಬಂದರೆ ಬೋರಲು ಮಲಗಿಸಬೇಡಿ, ಬೆನ್ನಿನ ಮೇಲೆ ಭಾರ ಹಾಕಬೇಡಿ. ಎದೆ ಒತ್ತಿಹೋಗಿ ಉಸಿರು ಕಟ್ಟುತ್ತದೆ. ಕೂಗುತ್ತಿದ್ದಾರೆ ಅಂದರೆ ಉಸಿರಾಡುತ್ತಿದ್ದಾರೆ ಅನ್ನುವುದನ್ನು ನಂಬಬೇಡಿ. ಸುಮ್ಮನಾದರು ಅಂತ ನಿರಾಳ ಆಗಬೇಡಿ, ಮುಖ ನೋಡಿ, ತುಟಿ ನೋಡಿ.

ಗಲಾಟೆ ಮುಗಿದ ಮೇಲೆ ಪೆಟ್ಟು ತಿಂದ ಆಯಾಳನ್ನು ಮತ್ತೆ ಅದೇ ಹಾಸಿಗೆಗೆ ಕಳಿಸೋದಿಲ್ಲ. ಮೊದಲು ಚಹಾ, ಕೂತು ಮಾತು. ಕಚ್ಚಿ ರಕ್ತ ಬಂದಿದ್ದರೆ ಸೋಪು ನೀರಲ್ಲಿ ಚೆನ್ನಾಗಿ ತೊಳೆದು ಡಾಕ್ಟರ ಹತ್ತಿರ, ಧನುರ್ವಾಯು ಮತ್ತು ಹೆಪಟೈಟಿಸ್ ಬಿ ಲಸಿಕೆಯ ವಿಚಾರ ಕೇಳಲೇಬೇಕು. ಕಮ್ಮಿ ಸಂಬಳಕ್ಕೆ ಹೊಡೆತ ತಿನ್ನುವುದು ಅವಳ ಹಣೆಬರಹ ಅಲ್ಲ. ಅವಳ ಮೈಗೆ ಆದ ಗಾಯ ರಿಜಿಸ್ಟರಿಗೆ ಬರದಿದ್ದರೆ, ಆ ಸಿಟ್ಟು ನಾಳೆ ಯಾವುದೋ ಮುತ್ಯಾನ ತೋಳಿನ ಮೇಲೆ ಕಾಣುತ್ತದೆ.

ಸೇರಿಸಿಕೊಳ್ಳುವ ಫಾರ್ಮಿನಲ್ಲಿ ಮೊದಲು 'ಹಿಂಸೆ ಮಾಡುತ್ತಾರಾ? ಹೌದು / ಇಲ್ಲ' ಅಂತ ಇತ್ತು. ಅದನ್ನು ತೆಗೆದೆವು. ಈಗ ಯಾವ ಹೊತ್ತಿಗೆ ಜಳಕ, ರೊಟ್ಟಿ ಕಟಕೋ ಮೆತ್ತಗೋ, ಏನಂತ ಕರೆದರೆ ತಿರುಗಿ ನೋಡುತ್ತಾರೆ, ಯಾರು ಮುಟ್ಟಿದರೆ ಆಗೋದಿಲ್ಲ, ಕತ್ತಲೆಯ ಭಯ ಇದೆಯಾ ಅಂತ ಕೇಳುತ್ತೇವೆ. ತುಂಬಿಸುವವರಿಗೆ ಬೇಜಾರು, "ಬಿಪಿ ಶುಗರ್ ಕೇಳ್ರೀ, ಇದೆಲ್ಲ ಯಾಕ್ರೀ?" ಅನ್ನುತ್ತಾರೆ. ಮನೆಯಲ್ಲೇ ನೋಡಿಕೊಳ್ಳುತ್ತಿರುವವರು ರಾತ್ರಿ ದಿಕ್ಕು ತೋಚದಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.