ಸಾವಯವ ಆಹಾರ: ಕೊಳ್ಳುವವರ ಕಾರಣಗಳು ಮತ್ತು ಆರೋಗ್ಯದ ಲೆಕ್ಕ

ಹಾಸನದ ಸುತ್ತಮುತ್ತ ಮುಂಗಾರಿನಲ್ಲಿ ಆಲೂಗಡ್ಡೆ ಹೊಲಗಳ ಬದಿಯಲ್ಲಿ ಓಡಾಡಿದವರಿಗೆ, ಜನ ಸಾವಯವ ಆಹಾರದತ್ತ ಏಕೆ ವಾಲುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಎಲೆಯ ಅಂಚಿನಲ್ಲಿ ಕಂದು ಮಚ್ಚೆ ಮೂಡುತ್ತದೆ, ಎಲೆಯ ಅಡಿಯಲ್ಲಿ ಬಿಳಿ ಬೂಸ್ಟು ಕೂರುತ್ತದೆ, ಅಂಗಮಾರಿ ರೋಗ ಕೆಲವೇ ದಿನಗಳಲ್ಲಿ ಇಡೀ ಹೊಲವನ್ನು ಸುಟ್ಟಂತೆ ಮಾಡಿಬಿಡುತ್ತದೆ. ಜಲಂಧರದಿಂದ ಬಂದ ಬಿತ್ತನೆ ಗಡ್ಡೆಗೆ ಸಾಲ ಮಾಡಿ ಹಣ ಸುರಿದ ರೈತ ಮತ್ತೆ ಮತ್ತೆ ಔಷಧಿ ಹೊಡೆಯದೆ ಇನ್ನೇನು ಮಾಡಿಯಾನು? ಅವನನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಬೆನ್ನಿಗೆ ಕ್ಯಾನು ಹೊತ್ತು, ಮೂಗಿಗೆ ಒಂದು ಟವೆಲ್ಲು ಮಾತ್ರ ಸುತ್ತಿಕೊಂಡು, ಬರಿಗಾಲಿನಲ್ಲಿ ಸಾಲುಗಳ ನಡುವೆ ಸಾಗುವ ಆಳನ್ನು ಕಣ್ಣಾರೆ ಕಂಡವರು ಸಂತೆಯಲ್ಲಿ ಸೊಪ್ಪು ಆರಿಸುವಾಗ ಆ ದೃಶ್ಯವನ್ನು ಮರೆಯಲಾರರು.

ನನಗೆ ಪರಿಚಯವಿರುವವರಲ್ಲಿ ಹೆಚ್ಚಿನವರು ಸಾವಯವಕ್ಕೆ ಹೊರಳಿದ್ದು ಮನೆಯಲ್ಲಿ ಮಗು ಹುಟ್ಟಿದಾಗ, ಇಲ್ಲವೇ ಯಾರಿಗಾದರೂ ದೊಡ್ಡ ಕಾಯಿಲೆ ಬಂದಾಗ. ರುಚಿಗಾಗಿ ಕೊಳ್ಳುವವರೂ ಇದ್ದಾರೆ. ಆದರೆ ರುಚಿಯಲ್ಲಿ ತಳಿಗೂ ತಾಜಾತನಕ್ಕೂ ದೊಡ್ಡ ಪಾಲಿದೆ ಎಂದೇ ನನ್ನ ಅಭಿಪ್ರಾಯ.

ಆರೋಗ್ಯದ ವಿಷಯದಲ್ಲಿ ಸಂಶೋಧನೆಗಳು ಒಂದೇ ಮಾತು ಹೇಳುವುದಿಲ್ಲ. 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಪೋಷಕಾಂಶಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಕೀಟನಾಶಕದ ಉಳಿಕೆ ಮಾತ್ರ ಸಾವಯವದಲ್ಲಿ ಕಡಿಮೆಯಿತ್ತು. 2014ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 343 ಪ್ರಬಂಧಗಳನ್ನು ಪರಿಶೀಲಿಸಿದವರು ಸಾವಯವ ಬೆಳೆಗಳಲ್ಲಿ ಆ್ಯಂಟಿಆಕ್ಸಿಡೆಂಟ್‌ಗಳು (ಜೀವಕೋಶಗಳಿಗೆ ಆಗುವ ಹಾನಿಯನ್ನು ತಡೆಯುವ ವಸ್ತುಗಳು) ಹೆಚ್ಚು, ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಕಡಿಮೆ ಎಂದರು. ಫ್ರಾನ್ಸಿನಲ್ಲಿ ಸುಮಾರು 69 ಸಾವಿರ ಜನರನ್ನು ಗಮನಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅತಿ ಹೆಚ್ಚು ಸಾವಯವ ಆಹಾರ ತಿನ್ನುವವರಲ್ಲಿ ಕ್ಯಾನ್ಸರ್ ಶೇ. 25ರಷ್ಟು ಕಡಿಮೆ ಕಂಡುಬಂತು. ಅದಕ್ಕೆ ಮೊದಲೇ 6 ಲಕ್ಷಕ್ಕೂ ಹೆಚ್ಚು ಬ್ರಿಟಿಷ್ ಮಹಿಳೆಯರ ಅಧ್ಯಯನದಲ್ಲಿ ಒಟ್ಟಾರೆ ಅಂಥ ಇಳಿಕೆ ಕಂಡಿರಲಿಲ್ಲ. ಸಾವಯವ ಕೊಳ್ಳುವವರು ಸಾಮಾನ್ಯವಾಗಿ ಸಿಗರೇಟು ಸೇದುವುದು ಕಡಿಮೆ, ತರಕಾರಿ ತಿನ್ನುವುದು ಹೆಚ್ಚು, ಕೈಯಲ್ಲಿ ಕಾಸೂ ಇರುತ್ತದೆ. ಲೆಕ್ಕಾಚಾರದಲ್ಲಿ ಎಷ್ಟೇ ಸರಿದೂಗಿಸಿದರೂ ಇವನ್ನು ಪೂರ್ತಿ ಬೇರ್ಪಡಿಸುವುದು ಕಷ್ಟ. ಆದ್ದರಿಂದ ದುಬಾರಿಯೆಂದು ತರಕಾರಿಯನ್ನೇ ಕಡಿಮೆ ಮಾಡಿ ಸಾವಯವ ಕೊಳ್ಳುವುದಕ್ಕಿಂತ, ಮಾಮೂಲಿ ಸೊಪ್ಪನ್ನೇ ಚೆನ್ನಾಗಿ ತೊಳೆದು ಧಾರಾಳವಾಗಿ ತಿನ್ನುವುದು ಮೇಲು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಸಂದೇಹವೇ ಇಲ್ಲದ ಲಾಭವೊಂದಿದೆ, ಅದು ಆ ಕ್ಯಾನು ಹೊರುವವನದು. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು ನರಗಳ ಕೆಲಸಕ್ಕೆ ಬೇಕಾದ ಕಿಣ್ವವೊಂದನ್ನು ತಡೆಯುತ್ತವೆ. ತಲೆನೋವು, ವಾಕರಿಕೆ, ಬೆವರು, ಕಣ್ಣು ಮಂಜಾಗುವುದು ಎಲ್ಲವೂ ಅದರಿಂದಲೇ. ತಟ್ಟೆಯಲ್ಲಿರುವ ಉಳಿಕೆಗಿಂತ ಎಷ್ಟೋ ಪಾಲು ಹೆಚ್ಚು ವಿಷ ಅವನ ಚರ್ಮದ ಮೂಲಕ ಒಳಗೆ ಹೋಗುತ್ತದೆ. ನಾನು ಸಾವಯವ ಕೊಳ್ಳುವುದಕ್ಕೆ ಇದೇ ಮೊದಲ ಕಾರಣ.

ಕೊಳ್ಳುವಾಗ ಪ್ಯಾಕೆಟ್ಟಿನ ಮೇಲೆ ಸರ್ಕಾರದ ಸಾವಯವ ಗುರುತು ಇದೆಯೇ ನೋಡಬೇಕು; 2017ರ ನಿಯಮಗಳೊಂದಿಗೆ ಬಂದದ್ದು ‘ಜೈವಿಕ್ ಭಾರತ್’ ಗುರುತು. ಸಣ್ಣ ಬೆಳೆಗಾರ ಗ್ರಾಹಕರಿಗೆ ನೇರವಾಗಿ ಮಾರಿದರೆ ಪ್ರಮಾಣಪತ್ರ ಬೇಕಿಲ್ಲ, ಅಲ್ಲಿ ಮಾತನಾಡಿಸಿಯೇ ನಂಬಿಕೆ ಕಟ್ಟಿಕೊಳ್ಳಬೇಕು. ಸಾವಯವವೆಂದರೆ ಏನನ್ನೂ ಸಿಂಪಡಿಸಿಲ್ಲ ಎಂದಲ್ಲ: ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿಗೂ ಮೆಣಸಿಗೂ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ, ಮಿತಿಯೊಳಗೆ ಸಾವಯವದಲ್ಲೂ ಒಪ್ಪಿತ.

ಗ್ರಾಹಕರು ನಿಜವಾಗಿ ನೆರವಾಗಬಹುದಾದದ್ದು ರೈತ ತನ್ನ ಹೊಲವನ್ನು ಸಾವಯವಕ್ಕೆ ಬದಲಿಸುವ ಪರಿವರ್ತನೆಯ ಅವಧಿಯಲ್ಲಿ. ರಾಗಿ, ತರಕಾರಿಯಂಥ ಬೆಳೆಗಳಿಗೆ ಕನಿಷ್ಠ 2 ವರ್ಷ, ಕಾಫಿ, ಮೆಣಸಿನಂಥ ಬಹುವಾರ್ಷಿಕ ಬೆಳೆಗಳಿಗೆ 3 ವರ್ಷ ರಾಸಾಯನಿಕ ಬಿಟ್ಟಿರಬೇಕು. ಆ ವರ್ಷಗಳಲ್ಲಿ ಇಳುವರಿ ಕುಗ್ಗುವುದೇ ಹೆಚ್ಚು, ಸಾವಯವದ ಬೆಲೆಯೂ ಸಿಗುವುದಿಲ್ಲ. ಆದ್ದರಿಂದ ಸಂತೆಯಲ್ಲಿ ಯಾರಾದರೂ ‘ರಾಸಾಯನಿಕ ಗೊಬ್ಬರ ಬಿಟ್ಟು ಇದು ಎರಡನೇ ವರ್ಷ’ ಎಂದರೆ, ಗುರುತಿಲ್ಲವೆಂದು ಮುಂದೆ ಹೋಗದೆ ನಾಲ್ಕು ಕಾಸು ಹೆಚ್ಚು ಕೊಟ್ಟು ಅವರಲ್ಲೇ ಕೊಳ್ಳಿ, ಮುಂದಿನ ವಾರವೂ ಅವರನ್ನೇ ಹುಡುಕಿಕೊಂಡು ಹೋಗಿ.